ಮೂವತ್ತೆಂಟನೆಯ ಪುಟ

ಎಲ್ಲದಕ್ಕೂ ಕಾರಣ ಮೂಲೆ ಅಕ್ಕನ ಓದುವ ಚಟ. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯನ್ನೂ ಬಸ್ ಟಿಕೆಟ್ಟಿನ ಹಿಂಬದಿಯನ್ನೂ ಬಿಡದೆ ಓದುವವಳು ಅವಳು. ಓದದೆ ಬಿಟ್ಟ ಸಾಲಿನಲ್ಲೇ ಅಪಾಯ ಅಡಗಿ ಕೂತಿರುತ್ತದೆ ಎಂಬುದು ಅವಳ ನಂಬಿಕೆ. ಜನನ ಮರಣ ನೋಂದಣಿ ಕಚೇರಿಯ ಕಂಪ್ಯೂಟರುಗಳೆಲ್ಲ ಸೋಮವಾರದಿಂದ ಹೊಸ ರೂಪ ತಾಳಲಿವೆ ಎಂದು ನಲವತ್ತು ಪುಟದ ಕೈಪಿಡಿ ಇಮೇಲಿನಲ್ಲಿ ಬಂದಾಗ ಉಳಿದವರು ಅದನ್ನು ತೆರೆಯದೆಯೇ ಅಳಿಸಿದರು. ಅಕ್ಕ ಮಾತ್ರ ಪ್ರಿಂಟ್ ತೆಗೆದು ಮನೆಗೆ ಒಯ್ದು ಮೂರು ಸಂಜೆ ಕೂತು ಓದಿದಳು. ಜೋರಾಗಿಯೇ ಓದಿದಳು. ಅವಳ ಒಂಟಿ ಕೋಣೆಯಲ್ಲಿ ಕುಕ್ಕರ್ ಬಿಟ್ಟರೆ ಬಾಯಿ ಬಿಡುವವರು ಬೇರೆ ಯಾರೂ ಇರಲಿಲ್ಲ.

ಅವಳದು ಮರಣದ ಕೌಂಟರು. ಕಚೇರಿಯ ಕೊನೆಯ ಮೂಲೆ. ಹೆಸರು ಬಂದದ್ದೂ ಅದರಿಂದಲೇ. ಜನನದ ಕೌಂಟರಿಗೆ ಬಂದವರು ನಗುತ್ತ ಬಂದು, ಚಾಕೊಲೇಟು ಹಂಚಿ, ಕೂಸಿನ ಫೋಟೊ ತೋರಿಸಿ ಹೋಗುತ್ತಿದ್ದರು. ಮರಣದ ಕೌಂಟರಿನಲ್ಲಿ ಒಂದು ನಿಮಿಷ ಹೆಚ್ಚಿಗೆ ನಿಲ್ಲಲು ಯಾರಿಗೆ ತಾನೇ ಮನಸ್ಸು ಬಂದೀತು? ಮಧ್ಯಾಹ್ನ ಹೆಡ್‌ಕ್ಲರ್ಕು, ಟೈಪಿಸ್ಟು, ಜನನದ ಕೌಂಟರಿನ ಜನನದಮ್ಮ ಎರಡು ಮೇಜು ಜೋಡಿಸಿ ಊಟಕ್ಕೆ ಕೂರುತ್ತಿದ್ದರು. ಆ ಮೇಜಿಗೆ ಮೂರೇ ಕುರ್ಚಿ. ಇಪ್ಪತ್ತೆರಡು ವರ್ಷದಿಂದ ಅಕ್ಕ ತನ್ನ ಡಬ್ಬಿಯನ್ನು ಸತ್ತವರ ಕಡತದ ಪಕ್ಕದಲ್ಲಿಯೇ ಬಿಚ್ಚುತ್ತಿದ್ದಳು.

ಸೋಮವಾರ ಬೆಳಿಗ್ಗೆ ಕಂಪ್ಯೂಟರು ಹಚ್ಚಿದ್ದೇ ತಡ, ಕಚೇರಿಗೆ ಕಳ್ಳ ನುಗ್ಗಿದಂತಾಯಿತು.

"ಅಯ್ಯೋ, ಇದೇನ್ರೀ ಇದು! ಹೊಸ ಸೊಸೆ ಬಂದು ಅಡುಗೆಮನೆ ಡಬ್ಬಗಳನ್ನೆಲ್ಲ ಬದಲಾಯಿಸಿಟ್ಟ ಹಾಗಿದೆ!" ಜನನದಮ್ಮ ಎದೆ ಹಿಡಿದುಕೊಂಡಳು. "ಎಡಗಡೆ ಇದ್ದದ್ದು ನಡುವೆ ಬಂದಿದೆ, ನಡುವೆ ಇದ್ದದ್ದು ಮನೆ ಬಿಟ್ಟು ಓಡಿಹೋಗಿದೆ!"

"ನನ್ನ ಫೈಲುಗಳೆಲ್ಲ ಸೋಪಿನ ಗುಳ್ಳೆ ಆಗ್ಬಿಟ್ಟಿವೆ. ಮುಟ್ಟಿದ್ರೆ ಒಡೆದುಹೋಗುತ್ತೇನೋ ಅಂತ ಭಯ," ಎಂದ ಟೈಪಿಸ್ಟ್.

ಹೆಡ್‌ಕ್ಲರ್ಕ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಪರದೆ ಬದಲಾಗಲಿಲ್ಲ. "ಇದು ನಮ್ಮ ಆಫೀಸೇ ತಾನೆ?" ಎಂದು ಗೋಡೆಯ ಕಡೆ ತಿರುಗಿ ಕೇಳಿದರು.

ಗುಂಡಿಗಳೆಲ್ಲ ಜಾಗ ಬದಲಿಸಿದ್ದವು. ಬೆರಳುಗಳು ಮಾತ್ರ ಹಳೆಯ ದಾರಿಯಲ್ಲೇ ಓಡಿದವು. ಅರ್ಧ ಗಂಟೆಯೊಳಗೆ ಟೈಪಿಸ್ಟ್, ತೀರಿಕೊಂಡ ತಂದೆಯ ಪ್ರಮಾಣಪತ್ರ ಕೇಳಲು ಬಂದಿದ್ದ ಡ್ರೈವಿಂಗ್ ಶಾಲೆಯ ಮಾಲೀಕನನ್ನೇ ಸತ್ತವರ ಪಟ್ಟಿಗೆ ಸೇರಿಸಿಬಿಟ್ಟ.

"ನಾನು ಬದುಕಿದ್ದೀನಲ್ರೀ!" ಆತ ಕೌಂಟರು ಗುದ್ದಿದ.

"ಕಾಣ್ತಾ ಇದೆ ಸ್ವಾಮಿ, ಕಂಪ್ಯೂಟರ್ ಒಪ್ಪಬೇಕಲ್ಲ," ಎಂದು ಟೈಪಿಸ್ಟ್ ಬೆವರು ಒರೆಸಿಕೊಂಡ.

ಅಕ್ಕ ಹೆದರುತ್ತಲೇ ಬಂದು ಅವನ ಹಿಂದೆ ನಿಂತಳು. "ಅದು... ಮೇಲೆ ಮೂರು ಚುಕ್ಕಿ ಇದೆಯಲ್ಲ, ಅದನ್ನು ಒತ್ತಿ. 'ತಿದ್ದು' ಅಂತ ಬರುತ್ತೆ. ಹದಿನೇಳನೇ ಪುಟದಲ್ಲಿದೆ."

ಮಾಲೀಕ ಬದುಕಿ ಎದ್ದ. ಕಚೇರಿ ಅಕ್ಕನ ಕಡೆ ತಿರುಗಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ.

ಅಲ್ಲಿಂದ ಶುರು. "ಅಕ್ಕಾ, ಪ್ರಿಂಟ್ ಎಲ್ಲೋಯ್ತು?" "ಅಕ್ಕಾ, ಇದು ನನ್ನನ್ನೇ ಯಾರು ನೀನು ಅಂತ ಕೇಳ್ತಿದೆ, ಏನು ಹೇಳ್ಲಿ?" ಸ್ವಲ್ಪ ಹೊತ್ತಿಗೆ ಮೂವರೂ ಕುರ್ಚಿ ಎಳೆದುಕೊಂಡು ಮೂಲೆಗೇ ಬಂದು ಕೂತರು. ಜನನದಮ್ಮನ ಕೈ ಅಕ್ಕನ ಕುರ್ಚಿಯ ಬೆನ್ನ ಮೇಲಿತ್ತು. ಆ ಕೈಯ ಬಿಸುಪು ಸೀರೆಯ ಮೂಲಕ ಹೆಗಲಿಗೆ ತಾಗುತ್ತಿತ್ತು.

ಆಗಲೇ ಹೆಡ್‌ಕ್ಲರ್ಕ್ ಕೇಳಿದ್ದು. "ಅಲ್ಲಮ್ಮಾ, ಹಳೇದನ್ನೇ ವಾಪಸ್ ತರೋಕೆ ಏನೂ ದಾರಿ ಇಲ್ವಾ? ಆ ಪುಸ್ತಕದಲ್ಲಿ ಏನಾದ್ರೂ ಬರೆದಿದ್ರಾ?"

ಬರೆದಿದ್ದರು. ಮೂವತ್ತೆಂಟನೆಯ ಪುಟದ ಅಡಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ: ಹಳೆಯ ನೋಟವೇ ಬೇಕೆನ್ನುವವರು ಸೆಟ್ಟಿಂಗ್ಸಿನಲ್ಲಿ ಈ ಒಂದು ಗುಂಡಿ ಒತ್ತಿದರೆ ಸಾಕು.

'ಊಟ ಆಯ್ತು' ಎನ್ನುವುದಕ್ಕಿಂತ ದೊಡ್ಡ ಸುಳ್ಳನ್ನು ಅಕ್ಕ ಈವರೆಗೆ ಹೇಳಿದವಳಲ್ಲ. ಹೆಗಲ ಹಿಂದಿನ ಆ ಕೈಯನ್ನೇ ನೆನೆದಳು.

"ಇಲ್ಲ ಸಾರ್," ಎಂದಳು. "ಅಂಥದ್ದೇನೂ ಇರಲಿಲ್ಲ."

ಹನ್ನೊಂದು ಗಂಟೆ ಸುಮಾರಿಗೆ ತನ್ನ ಜಾಗಕ್ಕೆ ಹೋಗಿದ್ದ ಟೈಪಿಸ್ಟ್ "ಸಿಕ್ತು!" ಎಂದು ಕೂಗಿದ. ಅಕ್ಕನಿಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. "ಏನು ಸಿಕ್ತು?" ಎಂದಳು.

"ಏನಿಲ್ಲ ಅಕ್ಕಾ. ಪೆನ್ನು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿಯಲ್ಲಿದ್ದ ಅಕ್ಕ ಮುಂದೆ ಕೇಳಲಿಲ್ಲ. ಆಮೇಲೆ ಹೊಸ ರೂಪದ ಕಾಟ ಇನ್ನೂ ಹೆಚ್ಚಾಯಿತು. ಜನನದಮ್ಮ ಒಂದು ಕಟ್ಟು ಅರ್ಜಿ ತಂದು ಮೇಜಿನ ಮೇಲಿಟ್ಟಳು.

"ನನ್ನ ಸ್ಕ್ರೀನಲ್ಲಿ ಈ ಮಕ್ಕಳು ಹುಟ್ತಾನೇ ಇಲ್ಲ ಅಕ್ಕಾ. ನಿಮ್ಮದರಲ್ಲಿ ಹುಟ್ಟಿಸಿಬಿಡಿ."

"ನೀವೂ ನೋಡ್ಕೊಳ್ಳಿ, ಕಲಿತ ಹಾಗಾಗುತ್ತೆ. ಮೊದಲು ಇಲ್ಲಿ..."

"ನಮ್ಮ ತಲೆಗೆ ಹತ್ತಲ್ಲ ಬಿಡಿ. ನಿಮ್ಮ ಕೈಗುಣ ನಮಗೆಲ್ಲಿ?"

ಇಷ್ಟು ವರ್ಷ ಸಾವನ್ನಷ್ಟೇ ಬರೆದ ಕೈ ಅದು. ಊಟದೊಳಗೆ ಹದಿನಾಲ್ಕು ಕೂಸುಗಳನ್ನು ಹುಟ್ಟಿಸಿತು; ಅದರಲ್ಲೊಂದು ಜೊತೆ ಅವಳಿ. ತೂಕ ಬರೆಯುವಾಗೆಲ್ಲ ಅಕ್ಕನ ಮುಖದಲ್ಲಿ ಒಂದು ಸಣ್ಣ ನಗು ಬಂದು ಹೋಗುತ್ತಿತ್ತು. ಟೈಪಿಸ್ಟ್ ತನ್ನ ತಿದ್ದುಪಡಿಗಳನ್ನು ತಂದ. ಹೆಡ್‌ಕ್ಲರ್ಕ್ ತಿಂಗಳ ವರದಿಯನ್ನೇ ತಂದರು.

ಒಂದೂವರೆಗೆ ಜನನದಮ್ಮ ಎಲ್ಲಿಂದಲೋ ನಾಲ್ಕನೆಯ ಕುರ್ಚಿ ಎಳೆದು ತಂದಳು. "ಬನ್ನಿ ಅಕ್ಕಾ, ಆ ಹೆಣಗಳ ಪಕ್ಕ ಎಷ್ಟು ದಿನ ಅಂತ ಉಣ್ತೀರಿ?"

ಕುರ್ಚಿಯ ಒಂದು ಕಾಲು ಕುಂಟುತ್ತಿತ್ತು. ಅಕ್ಕ ಅದು ಸದ್ದು ಮಾಡದಂತೆ ಪಾದ ಊರಿ ಕೂತಳು. ಹೆಡ್‌ಕ್ಲರ್ಕ್ ತಮ್ಮ ಡಬ್ಬಿಯಿಂದ ಒಂದು ಚಮಚ ಪಲ್ಯ ಅವಳಿಗೆ ಬಡಿಸಿದರು. ಉಪ್ಪು ಹೆಚ್ಚಾಗಿತ್ತು. "ತುಂಬಾ ಚೆನ್ನಾಗಿದೆ ಸಾರ್," ಎಂದಳು. ಅಂದಿನ ಎರಡನೆಯ ಸುಳ್ಳು.

"ನಾಳೆಯಿಂದ ಇಲ್ಲೇ ಕೂತ್ಕೊಳ್ಳಿ," ಎಂದ ಟೈಪಿಸ್ಟ್. ಜನನದಮ್ಮ ಅವನ ಕಾಲು ತುಳಿದಳೋ ಏನೋ, ಇಬ್ಬರೂ ನಗು ನುಂಗಿದರು. ತನ್ನೆದುರು ಜನ ಹೀಗೆ ನಗುನಗುತ್ತ ಇದ್ದಾರಲ್ಲ ಎಂದು ಅಕ್ಕನಿಗೆ ಹಿತವಾಯಿತು.

ಆದರೆ ಮರುಕ್ಷಣವೇ ಬೆಳಗಿನ ಮೊದಲ ಸುಳ್ಳು ನೆನಪಾಯಿತು. ಇಷ್ಟು ಒಳ್ಳೆಯವರನ್ನು ಒಂದು ಗುಂಡಿ ಬಚ್ಚಿಟ್ಟು ಗೋಳು ಹೊಯ್ದುಕೊಳ್ಳುತ್ತಿದ್ದೇನಲ್ಲ! ಮಧ್ಯಾಹ್ನವೆಲ್ಲ ಮೂವತ್ತೆಂಟನೆಯ ಪುಟ ಮೀನಿನ ಮುಳ್ಳಿನಂತೆ ಒಳಗೆ ಚುಚ್ಚುತ್ತಲೇ ಇತ್ತು.

ಐದು ಹೊಡೆಯುವ ಮೊದಲೇ ಮೂವರೂ ಚೀಲ ಹೆಗಲಿಗೇರಿಸಿದರು. "ಆರಿಸೋ ಗುಂಡಿ ಎಲ್ಲಿದೆಯೋ ಆ ದೇವರಿಗೇ ಗೊತ್ತು. ಸ್ಕ್ರೀನ್ ಮಾತ್ರ ಆಫ್ ಮಾಡಿದ್ದೀವಿ," ಎಂದರು ಹೆಡ್‌ಕ್ಲರ್ಕ್. "ಉಳಿದದ್ದು ನಿಧಾನಕ್ಕೆ ಮುಗಿಸಿಮ್ಮಾ. ನೀವಿಲ್ದೆ ಇದ್ರೆ ನಮ್ಮ ಗತಿ ಏನಾಗ್ತಿತ್ತೋ!"

ಕಚೇರಿ ಖಾಲಿಯಾಯಿತು. ಫ್ಯಾನಿನ ಸದ್ದು ಮಾತ್ರ ಉಳಿಯಿತು. ಕಿಟಕಿಯಿಂದ ಬಂದ ಸಂಜೆ ಬಿಸಿಲು ಕುಂಟು ಕುರ್ಚಿಯ ಮೇಲೆ ಬಿದ್ದಿತ್ತು. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಗಟ್ಟಿ ಮನಸ್ಸು ಮಾಡಿ ಎದ್ದಳು. ಮೂರೂ ಕಂಪ್ಯೂಟರುಗಳಲ್ಲಿ ಆ ಗುಂಡಿ ಒತ್ತಿ ಹೋಗುವುದು. ಬೆಳಿಗ್ಗೆ 'ತಾನಾಗಿಯೇ ಸರಿಹೋಗಿದೆ' ಎಂದರಾಯಿತು. ಕುರ್ಚಿ ಹೋದರೆ ಹೋಗಲಿ. ಒಂದು ದಿನವಾದರೂ ಕೂತೆನಲ್ಲ.

ಮೊದಲು ಜನನದಮ್ಮನ ಪರದೆ ಹಚ್ಚಿದಳು. ಎಡಗಡೆ ಇರಬೇಕಾದದ್ದು ಎಡಗಡೆಯೇ ಇತ್ತು. ಸೋಪಿನ ಗುಳ್ಳೆ ಒಂದೂ ಇಲ್ಲ. ಹಳೆಯ ನೋಟ.

ತಪ್ಪಾಗಿ ಕಂಡಿರಬೇಕೆಂದು ಹೆಡ್‌ಕ್ಲರ್ಕರ ಪರದೆ ಹಚ್ಚಿದಳು. ಅಲ್ಲೂ ಹಳೆಯ ನೋಟ. ನಡುವೆ ಅರ್ಧಕ್ಕೆ ಬಿಟ್ಟ ಇಸ್ಪೀಟ್ ಆಟ.

ಟೈಪಿಸ್ಟನ ಪರದೆ ಹಚ್ಚಿದಳು. ಅಲ್ಲೂ ಅದೇ. ಅವನ ಕೀಬೋರ್ಡಿನ ಅಡಿಯಿಂದ ಒಂದು ಚೀಟಿ ಇಣುಕುತ್ತಿತ್ತು. ಓದದೆ ಬಿಡುವ ಜಾಯಮಾನ ಅಕ್ಕನದಲ್ಲವಲ್ಲ. ಓದಿದಳು. 'ಸೆಟ್ಟಿಂಗ್ಸ್, ನೋಟ, ಹಳೆಯದು. ಒಂದೇ ಗುಂಡಿ. ಅಕ್ಕನಿಗೆ ಹೇಳಬೇಡಿ.' ಅದರ ಕೆಳಗೆ ಜನನದಮ್ಮನ ದುಂಡಗಿನ ಅಕ್ಷರ: 'ಊಟಕ್ಕೆ ಕರೆಯೋಣ. ಪಾಪ, ಖುಷಿಯಾಗಿ ಮಾಡ್ತಾರೆ.'

ಅಕ್ಕ ಚೀಟಿಯನ್ನು ಎರಡನೆಯ ಸಲ ಓದಿದಳು. ಆಮೇಲೆ ಅದು ಮೊದಲು ಎಷ್ಟು ಇಣುಕುತ್ತಿತ್ತೋ ಅಷ್ಟೇ ಇಣುಕುವಂತೆ ಕೀಬೋರ್ಡಿನ ಅಡಿಗೆ ಸೇರಿಸಿದಳು. ಮೂರೂ ಪರದೆ ಆರಿಸಿದಳು. ಕುಂಟು ಕುರ್ಚಿಯ ಹತ್ತಿರ ಹೋಗಿ, ಒಂದು ಹಳೆಯ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಗಿಡ್ಡ ಕಾಲಿನ ಅಡಿಗಿಟ್ಟು, ಅಲುಗಿಸಿ ನೋಡಿದಳು. ಅಲುಗಲಿಲ್ಲ.

ತನ್ನ ಮೂಲೆಗೆ ಮರಳಿದಾಗ ಪರದೆಯ ಮೇಲೆ ಹೊಸದೊಂದು ಚೌಕ ಮೂಡಿತ್ತು. 'ಹೊಸ ವಿನ್ಯಾಸ ನಿಮಗೆ ಹಿಡಿಸಿತೇ?' ಅಕ್ಕ ಐದಕ್ಕೆ ಐದು ನಕ್ಷತ್ರ ಒತ್ತಿದಳು.

'ನಮಗೆ ಇನ್ನೇನಾದರೂ ಹೇಳುವುದಿದೆಯೇ?'

ಬೆಳಿಗ್ಗೆಯಿಂದ ಅವಳನ್ನು ನೂರು ಪ್ರಶ್ನೆ ಕೇಳಿದ್ದರು. ಈ ಪ್ರಶ್ನೆ ಕೇಳಿದ್ದು ಕಂಪ್ಯೂಟರು ಒಂದೇ. ಅಕ್ಕನ ಬೆರಳು ಕೀಲಿಗಳ ಮೇಲೆ ತುಸು ಹೊತ್ತು ನಿಂತಿತು. ಆಮೇಲೆ 'ಏನೂ ಇಲ್ಲ' ಎಂಬುದನ್ನು ಒತ್ತಿ ಕಟ್ಟಿನಿಂದ ಮುಂದಿನ ಅರ್ಜಿ ಎಳೆದುಕೊಂಡಳು. ಇನ್ನೂ ಒಂಬತ್ತು ಮಕ್ಕಳು ಹುಟ್ಟುವುದಿತ್ತು.