ಗ್ರಾಫಿಕ್ಸ್ ಕಾರ್ಡು ಹಾಗೂ ಕಾಳಕ್ಕನವರ ಕಂಬಳಿ: ತಿದ್ದುಪಡಿ ಆದೇಶ

ಕಾರ್ಯಾಲಯ: ಆಟದ ಗಣಕಯಂತ್ರ ಇಲಾಖೆ, ನಡುಮನೆ, ಬಸ್ ನಿಲ್ದಾಣದ ಹಿಂದಿನ ಬೀದಿ,
ಶ್ರೀರಾಂಪುರ, ಹೊಸದುರ್ಗ ತಾಲ್ಲೂಕು

ಸಂಖ್ಯೆ: ಆಗಯಂ/ಮೇಲ್ದರ್ಜೆ/ಕಂಬಳಿ/೦೨/೨೦೦೮-೦೯
ದಿನಾಂಕ: ೧೧-೦೪-೨೦೦೮

ಸುತ್ತೋಲೆ

ವಿಷಯ: ಆಟದ ಗಣಕಯಂತ್ರಕ್ಕೆ ಹೆಚ್ಚು ಬಲದ ಗ್ರಾಫಿಕ್ಸ್ ಕಾರ್ಡು ಅಳವಡಿಸಿದ ತರುವಾಯ ಮನೆಮಂದಿ, ನೆರೆಹೊರೆ, ಹಲ್ಲಿ ಮತ್ತು ಕಂಬಳಿ ನಡೆದುಕೊಳ್ಳಬೇಕಾದ ಕ್ರಮದ ಬಗ್ಗೆ.

ಉಲ್ಲೇಖ:
(೧) ಈ ಇಲಾಖೆಯ ಸುತ್ತೋಲೆ ಸಂಖ್ಯೆ ೦೧, ದಿನಾಂಕ ೦೨-೦೪-೨೦೦೮ (ಬಾಗಿಲ ಹಿಂದೆ ಅಂಟಿಸಿರುವುದು).
(೨) ಹಿರಿಯೂರಿನ ಶ್ರೀ ಪರಮೇಶ್ವರಪ್ಪನವರ ಸವಾಲು (ಹೊರಟ ಬಸ್ಸಿನ ಕಿಟಕಿಯಿಂದ ಕೂಗಿದ್ದು).
(೩) ಶ್ರೀಮತಿ ಕಾಳಕ್ಕನವರ ಮೌನ (ಏಳು ದಿನಗಳದ್ದು).

ಪ್ರಸ್ತಾವನೆ:

ಇಲಾಖೆಯ ಮುಖ್ಯಸ್ಥರಾದ ಹನುಮೇಶ್ ಅವರ ಗಣಕಯಂತ್ರವು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲ್ಲೂಕುಗಳಲ್ಲಿ ಒಂದನೇ ನಂಬರಿನದು ಎಂಬುದು ಸರ್ವರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದವರ ಸಲುವಾಗಿ ಮನೆ ಮುಂದೆ ಬೋರ್ಡು ಹಾಕಲಾಗಿದೆ. ಆದಾಗ್ಯೂ ಸದರಿ ಯಂತ್ರದ ಕಾರ್ ರೇಸಿನಲ್ಲಿ ಕಾರು ಓಡದೆ, ಮದುವೆ ಆಲ್ಬಮ್ಮಿನ ಹಾಗೆ ಒಂದೊಂದೇ ಚಿತ್ರವಾಗಿ ಮುಂದೆ ಸರಿಯುತ್ತಿತ್ತು. ಹಿರಿಯೂರಿನಲ್ಲಿ ಗೇಮಿಂಗ್ ಅಂಗಡಿ ಇಟ್ಟಿರುವ ಪರಮೇಶ್ವರಪ್ಪನವರು ಇದನ್ನು ನೋಡಿ, "ಏನಪ್ಪ ಹನುಮೇಶ, ನಿನ್ ಕಾರು ಎತ್ತಿನ್ ಗಾಡಿ ಹಿಂದೆ ಸಿಗಾಕ್ಕೊಂಡೈತೇನು?" ಎಂದು ವಿಚಾರಿಸಿರುತ್ತಾರೆ. ದಿನಾಂಕ ೧೩-೦೪-೨೦೦೮ರ ಭಾನುವಾರ ಅವರು ಮತ್ತೆ ಬರಲಿದ್ದು, ಅಂದು ರೇಸು ಒಂದು ಗಂಟೆ ನಿಲ್ಲದೆ ಓಡದಿದ್ದಲ್ಲಿ ಬೋರ್ಡು ಕಿತ್ತು ಅದೇ ಬಸ್ಸಿನಲ್ಲಿ ಹಿರಿಯೂರಿಗೆ ಒಯ್ಯುವುದೆಂದು ಒಪ್ಪಂದವಾಗಿರುತ್ತದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರ ಗಮನಕ್ಕೆ ಈ ಕೆಳಕಂಡ ಅಂಶಗಳನ್ನು ತರಲಾಗಿದೆ:

೧. ಹೊಸ ಕಾರ್ಡನ್ನು ಬೆಂಗಳೂರಿನಿಂದ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ತರಲಾಯಿತು. ಮುಖ್ಯಸ್ಥರು ನಿಂತು ಬಂದರು. ಕಾರ್ಡಿನ ಫ್ಯಾನು ಮೊದಲ ಸಲ ತಿರುಗಿದಾಗ ಮತ್ತೋಡಿನ ಗುಡ್ಡದ ಗಾಳಿಯಂತ್ರಗಳು ನಾಚಿಕೊಂಡು ಅರ್ಧ ಗಂಟೆ ನಿಂತದ್ದನ್ನು ಕಂಡವರಿದ್ದಾರೆ. ಕಾಣದವರು ಮುಖ್ಯಸ್ಥರನ್ನು ಕೇಳತಕ್ಕದ್ದು.

೨. ಕಾರ್ಡು ಹಳೆಯ ಮದರ್‌ಬೋರ್ಡಿನಲ್ಲಿ ಕೂರದ ಕಾರಣ ಮದರ್‌ಬೋರ್ಡನ್ನು ಬದಲಿಸಲಾಯಿತು. ಹಳೆಯ ಪವರ್ ಸಪ್ಲೈ ಕಾರ್ಡಿನ ಮುಖ ನೋಡಿಯೇ ಸುಟ್ಟ ವಾಸನೆ ಬಿಟ್ಟಿದ್ದರಿಂದ ಅದನ್ನೂ ಬದಲಿಸಲಾಯಿತು. ಅಷ್ಟಾದರೂ ಕಾರ್ಡು ಪೆಟ್ಟಿಗೆಯಿಂದ ನಾಲ್ಕು ಬೆರಳು ಆಚೆ ಉಳಿದಿದ್ದರಿಂದ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡರ್ ಎರ್ರಿಸ್ವಾಮಿಯವರಿಗೆ ಪೆಟ್ಟಿಗೆ ಹಿಗ್ಗಿಸುವ ಕೆಲಸ ವಹಿಸಲಾಯಿತು. ಅವರು ವಾಡಿಕೆಯಂತೆ ಹಿಂದೆ ಎರಡು ಕೆಂಪು ರಿಫ್ಲೆಕ್ಟರ್ ಹಾಗೂ ಎಳೆಯುವ ಕೊಕ್ಕೆಯನ್ನೂ ಬೆಸೆದು ಕೊಟ್ಟಿರುತ್ತಾರೆ. ಇವು ಯಂತ್ರದ ವೇಗಕ್ಕೆ ಅತ್ಯಗತ್ಯವೆಂದು ಇಲಾಖೆಯು ತರುವಾಯ ಮನಗಂಡಿದೆ.

೩. ರೇಸು ನಡೆಯುವಾಗ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಮತ್ತು ಎದುರು ಮನೆಯ ನೀರಿನ ಮೋಟರನ್ನು ನಿಷೇಧಿಸಲಾಗಿದೆ. ಚಟ್ನಿ ಅನಿವಾರ್ಯವಾದಲ್ಲಿ ಒರಳಿನಲ್ಲಿ ರುಬ್ಬತಕ್ಕದ್ದು. ರುಬ್ಬುವವರು ಗೊಣಗಬಹುದು, ಆದರೆ ಕಾರು ತಿರುವಿನಲ್ಲಿರುವಾಗ ಗೊಣಗಕೂಡದು.

೪. ಪೆಟ್ಟಿಗೆಯ ಪಕ್ಕದ ಮುಚ್ಚಳವನ್ನು ಶಾಶ್ವತವಾಗಿ ತೆಗೆಯಲಾಗಿದ್ದು, ಹಲ್ಲಿಗಳು ಒಳಪ್ರವೇಶಿಸುವ ಮುನ್ನ ಲಿಖಿತ ಅನುಮತಿ ಪಡೆಯತಕ್ಕದ್ದು.

೫. ಇಷ್ಟೆಲ್ಲಾ ಆದ ಮೇಲೂ ಯಂತ್ರವು ಹನ್ನೊಂದು ನಿಮಿಷ ಓಡಿ ಕಣ್ಣು ಮುಚ್ಚುತ್ತಿತ್ತು. ಮುಖ್ಯಸ್ಥರ ಅಜ್ಜಿ ಕಾಳಕ್ಕನವರು ಯಂತ್ರಕ್ಕೆ ಕಂಬಳಿ ಹೊದಿಸುವುದನ್ನು ಕಂಡಿದ್ದ ಇಲಾಖೆಯು, ಯಾವುದೇ ವಿಚಾರಣೆ ನಡೆಸದೆ, ಅವರೇ ಯಂತ್ರಕ್ಕೆ ಉಸಿರುಗಟ್ಟಿಸಿದವರೆಂದು ಉಲ್ಲೇಖ (೧)ರಲ್ಲಿ ಬರೆದು, ಕಂಬಳಿಯು ಯಂತ್ರದ ಹತ್ತು ಅಡಿ ಒಳಗೆ ಬರಕೂಡದೆಂದು ಆದೇಶಿಸಿತ್ತು. ಮುಖ್ಯಸ್ಥರ ತಂಗಿ ಮೇಘಶ್ರೀ ಅದನ್ನು ಓದಿ ಹೇಳಿದಾಗ ಕಾಳಕ್ಕನವರು, "ನಿಂತ್ ಮೇಲೆ ಹೊದಿಸ್ತೀನಿ, ಧೂಳು ಕುಂತ್ಕಂಬಾರ್ದು ಅಂತ. ಓಡೋ ಕುರಿಗೆ ಯಾರಾನ ಕಂಬಳಿ ಹೊದಿಸ್ತಾರೇನಲೇ?" ಎಂದು ಒಂದೇ ಮಾತು ಕೇಳಿ, ಅಂದಿನಿಂದ ಮುಖ್ಯಸ್ಥರೊಡನೆ ಮಾತು ಬಿಟ್ಟಿರುತ್ತಾರೆ. ಹೇಳಿಕೆಯನ್ನು ಕಡತದಲ್ಲಿ ದಾಖಲಿಸಿರಲಿಲ್ಲ. ಈಗ ದಾಖಲಿಸಲಾಗಿದೆ.

೬. ಕಂಬಳಿ ದೂರವಾದ ಮೇಲೂ ಯಂತ್ರವು ಹನ್ನೊಂದು ನಿಮಿಷಕ್ಕೇ ನಿಲ್ಲುತ್ತಿತ್ತು. ದಿನಾಂಕ ೦೮ರಂದು ಕಾಳಕ್ಕನವರು ಕಂಬಳಿ ಒಗೆದು, ನೀರು ಸೋರುತ್ತಿದ್ದಂತೆಯೇ ಪಡುವಣ ಕಿಟಕಿಗೆ ನೇತುಹಾಕಿದರು. ಕಿಟಕಿಯು ಯಂತ್ರದಿಂದ ಹನ್ನೊಂದು ಅಡಿ ದೂರವಿರುವುದರಿಂದ ನಿಯಮ ಉಲ್ಲಂಘನೆ ಆಗಿರುವುದಿಲ್ಲ. ಗುಡ್ಡದ ಕಡೆಯ ಗಾಳಿ ಒದ್ದೆ ಕಂಬಳಿಯೊಳಗೆ ನುಸುಳಿ ಬಂದು ನಡುಮನೆಯು ಮಾರಿಕಣಿವೆ ಜಲಾಶಯದ ಏರಿಯಷ್ಟು ತಣ್ಣಗಾಯಿತು. ಕಾರು ಒಂದು ಗಂಟೆ ಒಂಬತ್ತು ನಿಮಿಷ ಓಡಿತು. ಇದು ಮುಖ್ಯಸ್ಥರ ಚಾಲನಾ ನೈಪುಣ್ಯವೆಂದು ಅಂದೇ ಊರೆಲ್ಲಾ ಪ್ರಕಟಿಸಲಾಯಿತು. ಮರುದಿನ ಕಂಬಳಿ ಒಣಗಿತು, ಕಾಳಕ್ಕನವರು ಅದನ್ನು ಮಡಿಸಿಟ್ಟರು. ಕಾರು ಹನ್ನೊಂದನೇ ನಿಮಿಷಕ್ಕೆ ನಿಂತಿತು. ನೈಪುಣ್ಯದ ಪ್ರಕಟಣೆಯನ್ನು ಹಿಂಪಡೆಯಲಾಗಿದೆ.

೭. ಭಾನುವಾರಕ್ಕೆ ಕಂಬಳಿ ಒದಗಿಸುವಂತೆ ಇಲಾಖೆಯು ಖುದ್ದಾಗಿ ಕೋರಲಾಗಿ, ಕಾಳಕ್ಕನವರು ಅದರ ಮೇಲೆ ಕುಳಿತುಕೊಂಡು ಮೌನ ಮುರಿದರು: "ಬಾಯಾಗಿಂದ ಬ್ಯಾಡ. ಕಾಗದದಾಗೆ ಬೈದೀಯ, ಕಾಗದದಾಗೇ ಬರಿ. ಅದೇ ಬಾಗ್ಲಿಗೆ ಅಂಟ್ಸು."

೮. ಆದುದರಿಂದ ಉಲ್ಲೇಖ (೧)ನ್ನು ಹುಟ್ಟಿದಂದಿನಿಂದಲೇ ರದ್ದುಪಡಿಸಲಾಗಿದೆ. ಕಾಳಕ್ಕನವರನ್ನು ಆಜೀವ ಶೈತ್ಯಾಧಿಕಾರಿಯಾಗಿ ನೇಮಿಸಲಾಗಿದೆ. ಒದ್ದೆ ಕಂಬಳಿಯಿಂದ ಬರುವ ಕುರಿ ವಾಸನೆಯನ್ನು ಇನ್ನು ಮುಂದೆ ತಾಂತ್ರಿಕ ಪರಿಮಳ ಎಂದು ಕರೆಯತಕ್ಕದ್ದು. ಪಂದ್ಯದ ವೇಳೆ ಮೂಗು ಮುಚ್ಚಿಕೊಂಡ ಸ್ಪರ್ಧಿಯು ಸೋತನೆಂದು ಭಾವಿಸಲಾಗುವುದು.

೯. ಉಲ್ಲೇಖ (೧)ರಲ್ಲಿ ತಪ್ಪೊಂದು ಸಂಭವಿಸಿರುವ ಸಾಧ್ಯತೆಯು ಇಲಾಖೆಯ ಗಮನಕ್ಕೆ ಬಂದಿದ್ದು, ಅದಕ್ಕಾಗಿ ವಿಷಾದವನ್ನು ವ್ಯಕ್ತಪಡಿಸಲಾಗಿದೆ.

ಸಹಿ/-
(ಹನುಮೇಶ್)
ಮುಖ್ಯಸ್ಥರು, ಕಾರ್ಯದರ್ಶಿಗಳು ಹಾಗೂ ಚಾಲಕರು
ನಾಲ್ಕು ತಾಲ್ಲೂಕಿಗೆ ಒಂದನೇ ನಂಬರ್ (ಭಾನುವಾರದವರೆಗೆ)

ಪ್ರತಿಗಳು:

೧. ಶ್ರೀ ಪರಮೇಶ್ವರಪ್ಪ, ಹಿರಿಯೂರು: ಮಾಹಿತಿಗಾಗಿ (ಕಂಡಿಕೆ ೫ರಿಂದ ೯ರವರೆಗೆ ಹರಿದು ಕಳುಹಿಸತಕ್ಕದ್ದು).

೨. ಶ್ರೀ ಎರ್ರಿಸ್ವಾಮಿ, ವೆಲ್ಡಿಂಗ್ ಅಂಗಡಿ: ಕೊಕ್ಕೆಗೆ ಏನು ಜೋಡಿಸಬೇಕೆಂಬ ಸ್ಪಷ್ಟೀಕರಣ ಕೋರಿ.

೩. ಹಳೆಯ ಗ್ರಾಫಿಕ್ಸ್ ಕಾರ್ಡು, ಗೋಡೆ ಗೂಡು: ಸಾಂತ್ವನಕ್ಕಾಗಿ.

೪. ಶ್ರೀಮತಿ ಕಾಳಕ್ಕ, ಶೈತ್ಯಾಧಿಕಾರಿಗಳು: ಮೇಘಶ್ರೀ ಮೂಲಕ ಓದಿ ಹೇಳಿಸಲು. (ಓದಿ ಹೇಳಿಸಲಾಯಿತು. ಕಂಡಿಕೆ ೯ಕ್ಕೆ, "ತಪ್ಪು ತಾನೇ ನಡ್ಕಂಡ್ ಬಂತೇನು? ಮಾಡಿದ್ ಯಾರಂತೆ?" ಎಂಬ ಆಕ್ಷೇಪಣೆಯೊಂದಿಗೆ ವಾಪಸ್ಸು ಬಂದಿದೆ. ಸದರಿ ಕಂಡಿಕೆಯನ್ನು ಹೊಡೆದುಹಾಕಿ, ಅದರ ಬದಲಿಗೆ ಪೆನ್ನಿನಲ್ಲಿ ಹೀಗೆ ಬರೆಯಲಾಗಿದೆ: ತಪ್ಪು ಮಾಡಿದ್ದು ನಾನು. ನಿನ್ನನ್ನು ಒಂದು ಮಾತೂ ಕೇಳದೆ ಬರೆದೆ. ತಪ್ಪಾಯ್ತು ಅಜ್ಜಿ. ಹನುಮ.)

೫. ಹಿತ್ತಲ ಕಲ್ಲಿನ ಮೇಲಿನ ಬಕೆಟ್ಟು: ಕಾಳಕ್ಕನವರು ಭಾನುವಾರಕ್ಕೆಂದು ಈಗಲೇ ಕಂಬಳಿ ನೆನೆಹಾಕಿರುವುದನ್ನು ಗಮನಿಸಲಾಗಿದೆ.