ನನ್ನ ಮಗಳಿಗೆ ಕೊಟ್ಟ ‘ಮೌನ ರತ್ನ’ವನ್ನು ದಯಮಾಡಿ ವಾಪಸು ಪಡೆಯಿರಿ

ಸಾಧನೆ ಗುರುತಿಸುವ ಸಮಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,
ನಮ್ಮ ಬೀದಿಯ ತುದಿಯ ಶಾಲೆ.

ಮಾನ್ಯರೇ,

ಶಾಲೆಯಿಂದ ನಾಲ್ಕು ಅಂಗಡಿ ಈಚೆಗೆ, ಎರಡು ಕುರ್ಚಿ, ಒಂದು ಬೆಂಚು ಮತ್ತು ಗೋಡೆಯಗಲದ ಕನ್ನಡಿ ಇಟ್ಟುಕೊಂಡು ಕ್ಷೌರದಂಗಡಿ ನಡೆಸುತ್ತಿರುವ, ತಮ್ಮ ಮೂರನೇ ತರಗತಿಯ ಒಬ್ಬ ವಿದ್ಯಾರ್ಥಿನಿಯ ತಂದೆಯಾದ ನಾನು, ಕತ್ತರಿ ಕೆಳಗಿಟ್ಟು, ಎರಡೂ ಕೈ ಜೋಡಿಸಿ ತಮ್ಮೆಲ್ಲರಿಗೂ ನಮಸ್ಕರಿಸುತ್ತೇನೆ. ಸಮಿತಿಯ ಮೂವರಲ್ಲಿ ಇಬ್ಬರ ತಲೆ ತಿಂಗಳಿಗೊಮ್ಮೆ ನನ್ನ ಕೈಗೇ ಬರುವುದರಿಂದ ಈ ವಿಷಯವನ್ನು ಅಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಕುತ್ತಿಗೆಗೆ ಕತ್ತಿ ಇಟ್ಟುಕೊಂಡು ದೂರು ಹೇಳುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಅಂಗಡಿಯ ಗಾಜಿಗೂ ಅಂಟಿಸಲಿದ್ದೇನೆ.

ಮೊದಲಿಗೆ ಅಭಿನಂದನೆಗಳು. ತೊಂಬತ್ತು ಮಕ್ಕಳ ಪುಟ್ಟ ಶಾಲೆಯಲ್ಲಿ ಪ್ರತಿ ತಿಂಗಳ ಕೊನೆಯ ಶುಕ್ರವಾರ ತೊಂಬತ್ತು ಸಾಧನೆಗಳನ್ನು ಹುಡುಕಿ ತೆಗೆದು, ತೊಂಬತ್ತು ಪ್ರಶಸ್ತಿ ಪತ್ರಗಳಿಗೆ ಪ್ಲಾಸ್ಟಿಕ್ ಹೊದಿಸಿ, ತೊಂಬತ್ತು ಮಕ್ಕಳನ್ನೂ ವೇದಿಕೆಗೆ ಹತ್ತಿಸಿ ಇಳಿಸುವುದೆಂದರೆ ಹುಡುಗಾಟವಲ್ಲ. ಯಾವ ಮಗುವೂ ಬರಿಗೈಯಲ್ಲಿ ಮನೆಗೆ ಹೋಗಬಾರದೆಂಬುದು ತಮ್ಮ ನಿಯಮ. ವರ್ಷದ ಮೊದಲಲ್ಲಿ ಲೆಕ್ಕ, ಓಟ, ಚಿತ್ರ ಎಂದು ಸಾಧನೆಗಳು ರಾಶಿ ಬಿದ್ದಿದ್ದವು. ತಮ್ಮ ಮೈಕಿನ ಔದಾರ್ಯದಿಂದ ನಾನು ಅಂಗಡಿಯಲ್ಲಿದ್ದೇ ಅವೆಲ್ಲವನ್ನೂ ಕೇಳಿದ್ದೇನೆ. ಐದನೇ ತಿಂಗಳಿಗೆ ಸರಕು ಮುಗಿಯುತ್ತ ಬಂದಾಗಲೂ ತಾವು ಎದೆಗುಂದಲಿಲ್ಲ. ನೀರಿನ ಬಾಟಲಿಯ ಮುಚ್ಚಳವನ್ನು ಇಡೀ ತಿಂಗಳು ಕಳೆಯದ ಹುಡುಗನಿಗೆ ‘ಮುಚ್ಚಳ ರಕ್ಷಕ’ ಎಂಬ ಬಿರುದು ಬಂತು. ಇಪ್ಪತ್ತೆರಡು ದಿನ ಯಾರನ್ನೂ ಕಚ್ಚದ ಇನ್ನೊಂದು ಮಗುವಿಗೆ ‘ಸಂಯಮ ಶ್ರೀ’ ಬಂತು. ವೇದಿಕೆ ಇಳಿಯುವಾಗ ಅದು ಆಟದ ಮೇಷ್ಟರ ಕೈಗೆ ಬಾಯಿ ಹಾಕಿದ್ದು ಸಂಭ್ರಮದ ಭರದಲ್ಲಿ ಎಂದೇ ನಾವೆಲ್ಲ ಭಾವಿಸಿದ್ದೇವೆ.

ಇಡೀ ಶಾಲೆ ಒಂದೇ ಕುಟುಂಬವಾದ್ದರಿಂದ ಹೆತ್ತವರು ತಮ್ಮ ಮಗುವಿಗಷ್ಟೇ ಚಪ್ಪಾಳೆ ತಟ್ಟಿ ಎದ್ದು ಹೋಗುವಂತಿಲ್ಲ, ತೊಂಬತ್ತು ಸಲವೂ ಒಂದೇ ಜೋರಿನಲ್ಲಿ ತಟ್ಟಬೇಕು ಎಂಬ ತಮ್ಮ ಏರ್ಪಾಡನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೇನೆ. ಆ ಶುಕ್ರವಾರಗಳ ಸಂಜೆ ಅಂಗೈ ಉರಿದು ರೇಜರ್ ನಡುಗುವುದರಿಂದ, ಬಂದ ಗಿರಾಕಿಗಳಿಗೆಲ್ಲ ‘ಗಡ್ಡ ನಿಮಗೆ ಬಹಳ ಒಪ್ಪುತ್ತದೆ’ ಎಂದು ಹೇಳಿ ಕಳಿಸುತ್ತೇನೆ. ಈ ಬೀದಿಯಲ್ಲಿ ಈಚೆಗೆ ಗಡ್ಡದವರು ಹೆಚ್ಚಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಡಿ.

ಇನ್ನು ದೂರಿಗೆ ಬರುತ್ತೇನೆ. ಇಪ್ಪತ್ಮೂರು ದಿನಗಳ ಹಿಂದೆ, ಕಳೆದ ಸಭೆಯಲ್ಲಿ, ತಾವು ನನ್ನ ಮಗಳಿಗೆ ‘ಮೌನ ರತ್ನ’ ಪ್ರಶಸ್ತಿ ಕೊಟ್ಟಿರಿ. ಬೇರೆ ಯಾರದೋ ಮಗುವೆಂದುಕೊಂಡು ನಾನೂ ಜೋರಾಗಿ ತಟ್ಟುತ್ತಿದ್ದೆ. ಮೆಟ್ಟಿಲು ಹತ್ತುತ್ತಿರುವುದು ನಮ್ಮ ಮನೆಯ ಜಡೆ ಎಂದು ತಿಳಿದಾಗ ಕೈ ಅರ್ಧದಲ್ಲೇ ನಿಂತಿತು. ಮಾನ್ಯರೇ, ಅವಳು ನಿದ್ದೆಯಲ್ಲೂ ಮಾತಾಡುವವಳು. ಶಾಲೆ ಬಿಟ್ಟ ಮೇಲೆ ನನ್ನ ಅಂಗಡಿಯ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತು, ಗುಬ್ಬಚ್ಚಿಗೆ ಮೊಣಕಾಲಿದೆಯೇ ಎಂಬುದರಿಂದ ಹಿಡಿದು ಪಕ್ಕದ ಬೇಕರಿಯ ಬ್ರೆಡ್ಡಿನವರ ಡೊಳ್ಳುಹೊಟ್ಟೆಯವರೆಗೆ ವಟವಟ ಎನ್ನುವವಳು. ಗಿರಾಕಿಗಳು ಅವಳನ್ನು ರೇಡಿಯೋ ಎಂದೇ ಕರೆಯುತ್ತಾರೆ, ಕೆಲವರಂತೂ ಕೂದಲು ಬೆಳೆಯುವ ಮೊದಲೇ ಬರುತ್ತಾರೆ. ಇದನ್ನು ಅವಳ ತರಗತಿಯ ಟೀಚರಿಗೆ ಹೇಳಿದರೆ ಅವರು ನಂಬಲಿಲ್ಲ. “ಬಂಗಾರದಂಥ ಮಗು ರೀ, ಕ್ಲಾಸಲ್ಲಿ ಇದೆ ಅಂತಾನೇ ಗೊತ್ತಾಗಲ್ಲ” ಎಂದರು.

ಪ್ರಶಸ್ತಿ ಕೊಡುವಾಗ ಅಧ್ಯಕ್ಷರು ಪ್ರೀತಿಯಿಂದ ಅವಳ ಕೆನ್ನೆ ತಟ್ಟಿ, “ಇದನ್ನ ಹೀಗೇ ಕಾಪಾಡ್ಕೋ ಪುಟ್ಟಾ” ಎಂದರು. ಅವಳು ಕಾಪಾಡಿಕೊಂಡಿದ್ದಾಳೆ. ಅಂದಿನಿಂದ ಮನೆಯಲ್ಲೂ ಬಾಯಿ ಬಿಟ್ಟಿಲ್ಲ. ಊಟಕ್ಕೆ ಕೂತಾಗ ‘ಉಪ್ಪು’ ಎಂದು ಚೀಟಿ ಬರುತ್ತದೆ, ಸ್ನಾನದ ಮನೆಯ ಬಾಗಿಲ ಸಂದಿಯಿಂದ ‘ಟವೆಲ್’ ಎಂದು ಒದ್ದೆ ಚೀಟಿ ಬರುತ್ತದೆ. ಮಾತಾಡಿದರೆ ಪ್ರಶಸ್ತಿ ಕಿತ್ತುಕೊಳ್ಳುತ್ತಾರಂತೆ. ಇದೂ ಚೀಟಿಯಲ್ಲೇ ತಿಳಿದದ್ದು. ಅಂಗಡಿಯಲ್ಲಿ ಮೂರು ದಿನ ಸಹಿಸಿಕೊಂಡ ಬ್ರೆಡ್ಡಿನವರು ನಾಲ್ಕನೇ ದಿನ, “ಏನಪ್ಪಾ, ರೇಡಿಯೋ ರಿಪೇರಿ ಮಾಡ್ಸಲ್ವಾ?” ಎಂದು ಕೇಳಿಯೇಬಿಟ್ಟರು. ಮೊದಲ ವಾರ ನಾನೂ ನಕ್ಕೆ. ಎರಡನೇ ವಾರ ನನ್ನ ಹೆಂಡತಿ, “ಮನೆ ಮನೆ ಥರಾನೇ ಇಲ್ಲ, ಏನಾದ್ರೂ ಮಾಡಿ” ಎಂದಳು. ಮಕ್ಕಳ ಹಟವೆಂದು ಉಡಾಫೆ ಮಾಡಿದೆ. ಅದು ನನ್ನ ತಪ್ಪು.

ಕಳೆದ ಸೋಮವಾರ ಅವಳು ಊಟದ ಡಬ್ಬಿ ಮರೆತು ಹೋಗಿದ್ದಳು. ಕೊಡಲು ಬಂದವನು ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ನಿಂತೆ. ಒಳಗೆ ತಮ್ಮ ಶಾಲೆಯ ಹೆಮ್ಮೆಯ ಜೋಡಿ ಓದು ನಡೆಯುತ್ತಿತ್ತು. ಇಬ್ಬರಿಗೊಂದು ಬೆಂಚು, ಇಬ್ಬರಿಗೊಂದು ಪುಸ್ತಕ, ಒಂದು ಪುಟ ಇವರು ಓದಿದರೆ ಮುಂದಿನ ಪುಟ ಅವರು. ತಮ್ಮಲ್ಲಿ ಓದು, ಸಾಲು, ಆಟ ಎಲ್ಲವೂ ಜೋಡಿಯಲ್ಲೇ ಎಂದು ಬಲ್ಲೆ. ಒಂಬತ್ತು ಬೆಂಚಿನಲ್ಲಿ ಹದಿನೆಂಟು ಮಕ್ಕಳಿದ್ದರು. ಹತ್ತನೆಯ ಬೆಂಚು ಹಿಂದೆ, ಬೀರುವಿನ ಪಕ್ಕದಲ್ಲಿ. ಅಲ್ಲಿ ನನ್ನ ಮಗಳು ಒಬ್ಬಳೇ ಕೂತು ತುಟಿಯಲ್ಲೇ ಒಂದು ಪುಟ ಓದಿದಳು. ಓದಿ, ಹಾಳೆ ಮಗುಚಿ, ಕೈಕಟ್ಟಿ ಕಾದಳು. ಎಲ್ಲರ ಜೊತೆಗಾರರೂ ಓದಿ ಮುಗಿಸುವವರೆಗೆ ತಾನೂ ಬೀರುವಿನ ಕಡೆ ನೋಡುತ್ತ ಕಾದು, ಆಮೇಲೆ ತನ್ನ ಮುಂದಿನ ಪುಟಕ್ಕೆ ಹೋದಳು. ನಿಯಮವನ್ನು ಇಷ್ಟು ಅಚ್ಚುಕಟ್ಟಾಗಿ ಪಾಲಿಸುವ ಮಗುವನ್ನು ನಾನು ಕಂಡಿಲ್ಲ.

ಟೀಚರನ್ನು ಕೇಳಿದೆ. “ಹತ್ತೊಂಬತ್ತು ಜನ ಅಲ್ವಾ, ಜೋಡಿ ಮಾಡಿದ್ರೆ ಒಬ್ರು ಉಳೀತಾರೆ. ಇವಳು ವರ್ಷದ ಮಧ್ಯ ಸೇರಿದ್ದು ನೋಡಿ. ಪಾಪ, ಒಂದು ದಿನಾನೂ ಕಂಪ್ಲೇಂಟ್ ಮಾಡಿಲ್ಲ” ಎಂದರು. ಅವರು ಒಳ್ಳೆಯವರು, ಲೆಕ್ಕವೂ ಸರಿಯಾಗಿಯೇ ಇದೆ. ಆದರೂ ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಅವಳು ಈ ಶಾಲೆಗೆ ಸೇರಿ ನಾಲ್ಕು ತಿಂಗಳು. ಅಷ್ಟು ದಿನ ಸಂಜೆಯೆಲ್ಲ ಅವಳ ಮಾತು ಕೇಳಿದ ನನಗೆ, ಆ ಮಾತಿನಲ್ಲಿ ಒಬ್ಬ ಗೆಳತಿಯ ಹೆಸರೂ ಬರುವುದಿಲ್ಲವೆಂದು ಹೊಳೆಯಲಿಲ್ಲ. ದಿನವಿಡೀ ಆಡಲು ಯಾರೂ ಸಿಗದ ಮಾತನ್ನು ಅವಳು ಹೊತ್ತು ತಂದು ನನ್ನ ಗಿರಾಕಿಗಳ ಮುಂದೆ ಸುರಿಯುತ್ತಿದ್ದಳು. ಈಗ ಅದಕ್ಕೂ ತಾವು ಪ್ರಶಸ್ತಿ ಕೊಟ್ಟು ಬೀಗ ಹಾಕಿದ್ದೀರಿ.

ಆದಕಾರಣ ನನ್ನ ಕೋರಿಕೆಗಳು ಹೀಗಿವೆ. ಮುಂದಿನ ಸಭೆಯಲ್ಲಿ, ಕೊಟ್ಟಷ್ಟೇ ವೈಭವದಿಂದ, ಅದೇ ಮೈಕು, ಅದೇ ಮೇಜಿನ ಬಟ್ಟೆಯೊಂದಿಗೆ ‘ಮೌನ ರತ್ನ’ವನ್ನು ವಾಪಸು ಪಡೆಯತಕ್ಕದ್ದು. ಅಂದು ತಟ್ಟಿದವರೆಲ್ಲ ಬಂದು ತಮ್ಮ ತಮ್ಮ ಚಪ್ಪಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳತಕ್ಕದ್ದು. ಅದು ಹೇಗೆಂದು ಆಟದ ಮೇಷ್ಟರು ಮೊದಲೇ ಎರಡು ದಿನ ಅಭ್ಯಾಸ ಮಾಡಿಸಬಹುದು. ಬೀರುವಿಗೆ ಓದಲು ಬರುವುದಿಲ್ಲವೆಂಬುದನ್ನು ಸಮಿತಿ ಲಿಖಿತವಾಗಿ ಒಪ್ಪಿಕೊಳ್ಳತಕ್ಕದ್ದು. ಇದ್ಯಾವುದೂ ಆಗದಿದ್ದರೆ ಒಂದನ್ನಾದರೂ ನಡೆಸಿಕೊಡಿ: ಒಂದು ಬೆಂಚಿನಲ್ಲಿ ಮೂವರನ್ನು ಕೂರಿಸಿ. ನನ್ನ ಅಂಗಡಿಯ ಬೆಂಚು ತಮ್ಮದಕ್ಕಿಂತ ಗೇಣುದ್ದ ಕಡಿಮೆ, ಅದರಲ್ಲಿ ದಿನಾ ಮೂವರು ದೊಡ್ಡವರು ಕೂರುತ್ತಾರೆ, ಅವರಲ್ಲೊಬ್ಬರು ಬ್ರೆಡ್ಡಿನವರು.

ಹಾಗೆ ಕೂರಿಸಿದ ಮೇಲೆ, ಒಂದಲ್ಲ ಒಂದು ದಿನ, ‘ನಿಮ್ಮ ಮಗಳು ಪಾಠದ ನಡುವೆ ಪಕ್ಕದವರ ಜೊತೆ ಮಾತಾಡುತ್ತಾಳೆ, ಬುದ್ಧಿ ಹೇಳಿ’ ಎಂದು ಟೀಚರು ಸಿಟ್ಟಿನಿಂದ ಬರೆದ ಚೀಟಿ ನಮ್ಮ ಮನೆಗೆ ಬರಲಿ. ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಕನ್ನಡಿಯ ಮೇಲೆ ತೂಗುಹಾಕುತ್ತೇನೆ. ಬುದ್ಧಿ ಮಾತ್ರ ಹೇಳುವುದಿಲ್ಲ, ಕ್ಷಮಿಸಬೇಕು.

ಬಂದವರ ತಲೆ ಬಾಗಿಸುವುದೇ ಕಸುಬಾಗಿದ್ದರೂ ಇಂದು ತಾನೇ ತಲೆಬಾಗಿ ನಿಂತಿರುವ,
ತಮ್ಮ ವಿಶ್ವಾಸಿ,
ನಾಲ್ಕು ಅಂಗಡಿ ಈಚಿನ ಕ್ಷೌರಿಕ

ವಿ.ಸೂ.: ಪತ್ರವನ್ನು ಮೇಜಿನ ಮೇಲಿಟ್ಟು ಒಬ್ಬರ ಮೀಸೆ ಸರಿಮಾಡುತ್ತಿದ್ದಾಗ ಮಗಳು ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಓದಿ, ಶಾಲೆಯವರು ಯಾರೂ ಇಲ್ಲವೆಂದು ಬಾಗಿಲಾಚೆ ಒಮ್ಮೆ ಇಣುಕಿ ನೋಡಿ, ಇಪ್ಪತ್ಮೂರು ದಿನಗಳಲ್ಲಿ ಮೊದಲ ಸಲ ಬಾಯಿ ಬಿಟ್ಟಳು: “ಅಪ್ಪಾ, ಇದನ್ನ ಕೊಡಬೇಡ. ಚೆನ್ನಾಗಿ ಬರ್ದಿದೀಯ ಅಂತ ನಿನ್ನನ್ನೂ ಸ್ಟೇಜಿಗೆ ಕರೀತಾರೆ.” ತಮ್ಮನ್ನು ಅವಳು ನನಗಿಂತ ಚೆನ್ನಾಗಿ ಬಲ್ಲಳಾದ್ದರಿಂದ ಈಗಲೇ ತಿಳಿಸಿಬಿಡುತ್ತೇನೆ, ಕರೆದರೂ ನಾನು ಬರುವುದಿಲ್ಲ. ವೇದಿಕೆಯಲ್ಲಿ ನನಗೆ ಮೀಸಲಿಡುವ ಎರಡು ನಿಮಿಷ ಯಾರಾದರೂ ಹೋಗಿ ಹತ್ತನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತರೆ ಸಾಕು. ಮಕ್ಕಳೇ ಆಗಬೇಕೆಂದಿಲ್ಲ, ಸಮಿತಿಯವರಾದರೂ ಆಗುತ್ತದೆ.