ಟೈಲರ್ ಬಸಪ್ಪನ ಬೋರ್ಡು

ನಮ್ಮ ಶಿಕಾರಿಪುರದ ಪೇಟೆ ಬೀದೀಲಿ ಒಳಗಿನ ಅಂಗಡಿ ಒಂದಾದ್ರೆ ಮೇಲಿನ ಬೋರ್ಡು ಇನ್ನೊಂದು. ಜಗಲಿ ಮೇಲೆ ಕೂತು ನಗೋಕೆ ನನಗೆ ಅಷ್ಟೇ ಸಾಕು. ಎದುರುಮನೆ ಬೋರ್ಡು ಮಾತ್ರ ನಗಿಸಿದಾಗೆಲ್ಲ ಅಳಿಸ್ತು.

೧. ಗಂಡನ ಹೆಸರು

ಮೈಸೂರು ರಾಜ್ಯ ದೊಡ್ಡದಾದ ಮಾರನೇ ವರ್ಷ, ಎದುರುಮನೆ ಟೈಲರ್ ಬಸಪ್ಪ ಚಳಿಜ್ವರದಲ್ಲಿ ಮೂರೇ ದಿನಕ್ಕೆ ಹೋದ. ಅಂಗಡಿ ಹೆಂಡತಿ ಹೆಸರಿಗೆ ಮಾಡಿಸೋಕೆ ಅರ್ಜಿ ಬರೆಯೋನು ಬಂದು ಕೂತ.

"ಗಂಡನ ಹೆಸರೇನಮ್ಮಾ?"

ಗಂಡನ ಹೆಸರು ಹೇಳಿದ್ರೆ ಅವನ ಆಯುಸ್ಸು ಕಮ್ಮಿ ಆಗತ್ತೆ ಅಂತ ಹನ್ನೊಂದು ವರ್ಷ ಬಾಯಿ ಬಿಟ್ಟೋಳಲ್ಲ ಇವಳು. "ಸತ್ತೋನ ಆಯುಸ್ಸು ಇನ್ನೇನು ಕಮ್ಮಿ ಆಗತ್ತೆ, ಹೇಳೇ" ಅಂದೆ. ಊಹೂಂ. ಬೋರ್ಡಿನ ಕಡೆ ಬೆರಳು ತೋರಿಸಿದ್ಲು. ಆ ಪುಣ್ಯಾತ್ಮ ಅಲ್ಲಿದ್ದಿದ್ದೆಲ್ಲ ಬರ್ಕೊಂಡ: "ಗಂಡ, ಟೈಲರ್ ಬಸಪ್ಪ, ಅಳತೆ ತಪ್ಪದೆ ಕತ್ತರಿಸಿ ಹೊಲಿದು ಕೊಡಲಾಗುವುದು."

೨. ಕಿವಿ

ಅಂಗಡೀನ ಕ್ಷೌರದವನಿಗೆ ಬಾಡಿಗೆ ಕೊಟ್ಲು. ಷರತ್ತು ಒಂದೇ: "ಬೋರ್ಡು ತೆಗೀಬಾರ್ದು ಕಣಣ್ಣಾ. ನನ್ನ ಬಾಯಲ್ಲಿ ಬರದ ಹೆಸರು ಅಲ್ಲಾದ್ರೂ ಇರಲಿ."

ಒಂದಿನ ಕ್ಯಾಸನೂರು ಕಡೆ ಮುದುಕಪ್ಪ ಒಬ್ಬ ಗಡ್ಡ ತೆಗೆಸೋಕೆ ಬಂದ. ಬಾಗಿಲಲ್ಲೇ ನಿಂತು ಬೋರ್ಡಿನ ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ಮಾರಾಯ, ಕತ್ತರಿಸಿ ಹೊಲಿಯೋದೆಲ್ಲ ಬೇಡ. ನನ್ನ ಕಿವಿ ಇದ್ದಲ್ಲೇ ಇರಲಿ."

ಬೀದಿಯೆಲ್ಲ ನಕ್ಕಿತು. ಕ್ಷೌರದವನಿಗೆ ರೇಗಿ, ಬೋರ್ಡಿಗೆ ಬಿಳೀ ಬಣ್ಣ ಬಳಿದುಬಿಟ್ಟ. "ಎರಡನೇ ಸಲ ಹೋದ್ರಕ್ಕಾ" ಅಂತ ಇವಳು ನನ್ನ ತೊಡೆ ಮೇಲೆ ಬಿದ್ದು ಅತ್ಲು.

೩. ಶಿವನ ಎದುರು ಕೂತೋರು

ಕ್ಷೌರದವನನ್ನ ಅಂಗಡಿ ಬಿಡಿಸಿ, ಬೋರ್ಡು ಬರೆಯೋನನ್ನ ಸೊರಬದಿಂದ ಕರೆಸಿದ್ಲು. ಅವತ್ತೇ ನಾನು ಚಂದ್ರಗುತ್ತಿಗೆ ಹೋಗಬೇಕಾ! ಹೆಸರು ಹೇಳೋಕೆ ಪಕ್ಕದಲ್ಲಿ ಯಾರೂ ಇಲ್ಲ.

"ಯಾರ ಹೆಸರು ಬರೀಲಮ್ಮಾ?"

"ಶಿವನ ಗುಡೀಲಿ ಎದುರಿಗೆ ಕೂತಿರ್ತಾರಲ್ಲ, ಅವರದು."

"ಪೂಜಾರ್ರದ್ದಾ?"

"ಥೂ! ಕೊಂಬು ಇರ್ತವಲ್ರೀ."

ತಿಳೀತು ಅಂತ ಬರೆದು ಹೋದ.

ನಾನು ವಾಪಸ್ ಬಂದಾಗ ಇವಳು ಬೋರ್ಡಿಗೆ ಹೂ ಏರಿಸಿ ಕೈ ಮುಗೀತಿದ್ಲು. ಇವಳಿಗೆ ಓದು ಬರಲ್ಲ. ನಾಲ್ಕನೇ ಕ್ಲಾಸಿಗೇ ಬಿಟ್ರೂ ನನಗೆ ಬರತ್ತೆ. ನನ್ನ ಹಾಳು ನಾಲಿಗೆ ಸುಮ್ಮನಿರತ್ತಾ?

"ಅಯ್ಯೋ ಹುಚ್ಚಿ, ನಂದೆಪ್ಪ ಅಂತ ಬರೆದಾನಲ್ಲೇ!"

ಅಂದಮೇಲೆ ನಾನೇ ನಾಲಿಗೆ ಕಚ್ಕೊಂಡೆ. ಅವಳು ಬೋರ್ಡು ನೋಡ್ತಾನೇ ನಿಂತ್ಲು. ಕಣ್ಣು ತುಂಬಿತು. ಆಮೇಲೆ ಅಂದ್ಲು, "ಇರಲಿ ಬಿಡಕ್ಕಾ. ಈ ಹೆಸರಾದ್ರೆ ನಾನೂ ಕರೀಬಹುದು."

ಸೆರಗು ಸರಿ ಮಾಡ್ಕೊಂಡು, ಇಡೀ ಬೀದಿಗೆ ಕೇಳೋ ಹಾಗೆ ಕೂಗಿದ್ಲು: "ಏ ನಂದೆಪ್ಪಾ!"

ಮೂಲೆ ಎಣ್ಣೆ ಅಂಗಡಿ ನಂದೆಪ್ಪ ಓಡಿ ಬಂದ. "ಏನ್ರೀ ಅಮ್ಮಾ, ಕರೆದ್ರಾ?"

"ನಿಮ್ಮನ್ನಲ್ರೀ," ಅಂದ್ಲು ನಾಚ್ಕೊಂಡು, "ನಮ್ಮನೆಯವರನ್ನ."